ಭಾವನ ಪೆನ್ ಡ್ರೈವ್ ಕಸ್ಟಮ್ಸ್

ಟುಂಯ್ ಎಂದೊಂದು ಸದ್ದು, ಅದರ ಬೆನ್ನಿಗೇ "ಛೆ!" ಎಂಬ ಗಂಡು ಧ್ವನಿ. ಗಲ್ಫಿನಲ್ಲಿ, ಅಲ್ ಹಿಲಾಲ್‌ನ ಆ ಫ್ಲ್ಯಾಟಿನಲ್ಲಿ ನನಗೆ ಬೆಳಗಾಗುತ್ತಿದ್ದದ್ದು ಹೀಗೆ. ಪೆನ್ ಡ್ರೈವಿನೊಡನೆ ಜಗಳವಾಡಿ, ಮಾತು ಬಿಟ್ಟು, ಮತ್ತೆ ರಾಜಿಯಾದ ಮನುಷ್ಯ ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ನನ್ನ ಭಾವ, ಅಕ್ಕನ ಗಂಡ!

ಭಾವನಿಗೆ ಹಮದ್ ಬಂದರಿನಲ್ಲಿ ಕಂಟೇನರ್‌ಗಳನ್ನು ಕಸ್ಟಮ್ಸ್‌ನಿಂದ ಬಿಡಿಸುವ ಕ್ಲಿಯರೆನ್ಸ್ ಕೆಲಸ. ನಾನು ವಿಸಿಟ್ ವೀಸಾದಲ್ಲಿ ಹೋದದ್ದು ಅಕ್ಕನ ಆರೈಕೆಗೆ. ಸ್ಟ್ರೋಕ್ ಆಗಿ ಅವಳ ಬಲಗೈ ಸೋತಿತ್ತು. ಹೆಬ್ಬೆರಳಿಗೆ ಕೆಲಸ ಕೊಡಿ ಎಂದಿದ್ದರು ಫಿಸಿಯೋದವರು. ಬೇರೆಯವರಾದರೆ ಸ್ಪಂಜಿನ ಚೆಂಡು ತರುತ್ತಿದ್ದರು. ಭಾವ ಅಟ್ಟದಿಂದ ಇಳಿಸಿದ್ದು ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಹಳೇ ಗೇಮ್ ಕನ್ಸೋಲ್! ಸೈಕಲ್ಲನ್ನೂ ಹತ್ತದ ಅಕ್ಕ ಕಾರ್ ರೇಸಿಗೆ ಇಳಿದಳು. ಕಾನ್ವೆಂಟಿನಲ್ಲಿ "ಗರ್ಲ್ಸ್, ವಾಕ್, ಡೋಂಟ್ ರನ್" ಎನ್ನುತ್ತಿದ್ದ ಸಿಸ್ಟರ್ ನೋಡಿದ್ದರೆ ಜಪಮಾಲೆ ಕೈಜಾರುತ್ತಿತ್ತು! ಆಡಿ ಆಡಿ ಅಕ್ಕ ಘಾಟಿ ರಸ್ತೆಯ ರೇಸಿನವರೆಗೂ ತಲುಪಿದ್ದಳು.

ಅಷ್ಟರಲ್ಲಿ ಕನ್ಸೋಲಿನೊಳಗಿನ ಹಾರ್ಡ್ ಡಿಸ್ಕ್ ಕಬ್ಬಿನ ಗಾಣದಂತೆ ಕಿರುಗುಟ್ಟತೊಡಗಿತು. ಅದು ಕೆಟ್ಟರೆ ಅಕ್ಕ ಗೆದ್ದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮುಂಚೆ ಆಟವನ್ನು ಪೆನ್ ಡ್ರೈವಿಗೆ ಇಳಿಸಬೇಕು. ಅಕ್ಕ ತೊದಲುತ್ತ ಹೇಳಿಬಿಟ್ಟಳು: "ಪುನಃ ಮೊದ್ಲಿಂದ... ನನ್ನಿಂದ ಆಗುದಿಲ್ಲ ಮಾರಾಯ್ರೇ."

ಭಾವ ಗಲ್ಫಿನ ಮನುಷ್ಯನಲ್ಲವೇ, ದೊಡ್ಡದೇ ಒಳ್ಳೆಯದೆಂಬ ನಂಬಿಕೆ! ಅರವತ್ತನಾಲ್ಕು ಜಿಬಿ ತಂದರು. ಕನ್ಸೋಲ್ ಟುಂಯ್ ಎಂದು ಸದ್ದು ಮಾಡಿ ಒಲ್ಲೆ ಎಂದಿತು. ಅದರ ಎರಡರಷ್ಟು ದೊಡ್ಡದು ತಂದರು. ಅದಕ್ಕೂ ಒಲ್ಲೆ. ಇನ್ನೂ ದೊಡ್ಡದೊಂದು ತಂದರು, ಮತ್ತೂ ಒಲ್ಲೆ.

"ಭಾವ, ಪೋರ್ಟ್ ಒಮ್ಮೆ ಕ್ಲೀನ್ ಮಾಡಿ ನೋಡಿ."

"ಪೋರ್ಟಿನ ವಿಷಯ ನಂಗೆ ಹೇಳ್ಬೇಡ ಮಾರಾಯ್ತಿ, ನಾನು ಪೋರ್ಟಲ್ಲೇ ಮುದುಕ ಆದವ!"

ಒಂದು ದಿನ ಒಗ್ಗರಣೆಗೆಂದು ಸಾಂಬಾರ ಡಬ್ಬಿ ತೆರೆದೆ. ಸಾಸಿವೆಯ ಬಟ್ಟಲಲ್ಲಿ ಒಂದು ಪೆನ್ ಡ್ರೈವ್, ಜೀರಿಗೆಯದರಲ್ಲಿ ಎರಡು! ಕಾದ ಎಣ್ಣೆ ಹೊಗೆಯಾಡುತ್ತಿದೆ.

"ಮುಟ್ಬೇಡ! ಸಾಸಿವೆದ್ದು ಇನ್ಸ್‌ಪೆಕ್ಷನ್ ಆದದ್ದು. ಜೀರಿಗೆದ್ದು ಹೋಲ್ಡಲ್ಲಿ ಉಂಟು, ಇನ್ನೂ ಬಿಟ್ಟಿಲ್ಲ," ಎಂದು ಕೂಗಿದರು ಭಾವ.

"ಮತ್ತೆ ಸಾಸಿವೆ ಎಲ್ಲಿ?"

"ಅದು ಅಂಗಡಿ ಪ್ಯಾಕೆಟಿಗೇ ರಿಟರ್ನ್ ಆಗಿದೆ."

ಇಂಥವರೊಡನೆ ಅಕ್ಕ ಅಷ್ಟು ವರ್ಷ ಹೇಗೆ ಬಾಳಿದಳು? ನಕ್ಕು ನಕ್ಕು, ಮತ್ತೇನು!

ಕೊನೆಗೊಂದು ಬೆಳಿಗ್ಗೆ ನೀರುದೋಸೆಯ ನಡುವೆ ಭಾವ ಎದ್ದು ನಿಂತರು. "ಹಳೇ ಬಂದರಿಗೆ ಇಷ್ಟು ದೊಡ್ಡ ಹಡಗು ಬರ್ತದಾ? ಅಡಿ ತಾಗ್ತದೆ! ನಾನೆಂಥ ಪೆದ್ದ!" ಕೀ ಗೊಂಚಲಿನಲ್ಲಿ ನೇತಾಡುತ್ತಿದ್ದ, ಯಾರೋ ಪುಕ್ಕಟೆ ಕೊಟ್ಟಿದ್ದ ಪುಟಾಣಿ ಪೆನ್ ಡ್ರೈವ್ ಬಿಚ್ಚಿದರು. ಲ್ಯಾಪ್‌ಟಾಪಿನಲ್ಲಿ ಅದನ್ನು ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ ಚುಚ್ಚಿದರು. ಕನ್ಸೋಲ್ ಮರುಮಾತಿಲ್ಲದೆ ಒಪ್ಪಿಕೊಂಡಿತು! ಆಟ ಪೂರ್ತಿ ಇಳಿಯುವವರೆಗೆ ಮೂವರೂ ದೋಸೆ ಮರೆತು ಪರದೆಯ ಮುಂದೆ ಕೂತೆವು. ಅಕ್ಕ ಅತ್ತಳು. ಭಾವ ತಣ್ಣಗಾದ ದೋಸೆಯನ್ನು ಅವಳಿಗೆ ಚೂರು ಚೂರೇ ತಿನ್ನಿಸಿದರು.

ವೀಸಾ ಮುಗಿದು ನಾನು ಹೊರಟ ಸಂಜೆ ಅಕ್ಕ ಸೋಫಾದಲ್ಲಿದ್ದಳು, ಭಾವ ನೆಲದಲ್ಲಿ, ಅವಳ ಕಾಲ ಬಳಿ. ಆಟದ ಘಾಟಿಯ ತಿರುವಿನಲ್ಲಿ ಭಾವ ತಮ್ಮ ಕಾರನ್ನು ಬೇಕೆಂದೇ ಬಂಡೆಗೆ ಗುದ್ದಿಸಿ, "ಅಯ್ಯೋ, ಬ್ರೇಕೇ ಇಲ್ಲ!" ಎಂದು ಬೊಬ್ಬೆ ಹೊಡೆದರು. ಅಕ್ಕನ ಬಲಗೈ ಹೆಬ್ಬೆರಳು ಗುಂಡಿಯನ್ನು ಒತ್ತಿ ಹಿಡಿದಿತ್ತು.

"ಬರ್ತೇನೆ ಅಕ್ಕ," ಎಂದೆ ಬಾಗಿಲಲ್ಲಿ ನಿಂತು.

"ಹೋಗಿ ಬಾ. ಈಗ ನಿಲ್ಲಿಸ್ಲಿಕ್ಕೆ ಆಗುದಿಲ್ಲ," ಎಂದಳು, ಪರದೆಯಿಂದ ಕಣ್ಣು ಕೀಳದೆ.

ನಾನು ಅವಳನ್ನು ಕಂಡದ್ದು ಅದೇ ಕೊನೆ.