ಹುಬ್ಬಳ್ಳಿಗೆ ಎಷ್ಟು ಎಲೆಯಡಿಕೆ?

ದೂರವನ್ನು ಕಿಲೋಮೀಟರಿನಲ್ಲೇ ಅಳೆಯಬೇಕೆಂದು ಮಳವಳ್ಳಿಯ ಮಕ್ಕಳಿಗೆ ಮೂವತ್ತು ವರ್ಷ ಭೂಗೋಳ ಹೇಳಿದವನು ನಾನು. ಆ ಪಾಠ ನಮ್ಮ ಮನೆಯೊಳಗೇ ನಡೆಯಲಿಲ್ಲವೆಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ನಮ್ಮವ್ವನಿಗೆ ದೂರವೆಂದರೆ ಎಲೆಯಡಿಕೆ. ಬಸ್ಸು ಹತ್ತಿ ಬಾಯಿಗೆ ಹಾಕಿಕೊಂಡದ್ದು ಸಪ್ಪೆಯಾಗುವ ಹೊತ್ತಿಗೆ ಹಲಗೂರು ಬರುತ್ತದೆ. ಹಾಗಾಗಿ ಹಲಗೂರು ಒಂದು ಎಲೆಯಡಿಕೆ. ಮಂಡ್ಯ ಎರಡು. ಕೆರಗೋಡಿನ ಚಿಕ್ಕಮ್ಮನ ಮನೆ ಮೂರು, ಮಂಡ್ಯದಲ್ಲಿ ಬಸ್ಸು ತಡವಾದರೆ ನಾಲ್ಕು. ಪ್ರತಿಯೊಂದಕ್ಕೂ ಕಿಟಕಿಯಿಂದಾಚೆ ಒಂದು ಉಗುಳು ಆಗಲೇಬೇಕು. ಕಿಟಕಿಯ ಸೀಟು ಸಿಗದಿದ್ದರೆ ಅವ್ವ ಆ ಬಸ್ಸನ್ನೇ ಬಿಟ್ಟುಬಿಡುತ್ತಾಳೆ.

ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ ಗೊತ್ತಾದಾಗ ಮೈಸೂರಿನಿಂದ ಅಲ್ಲಿಗೆ ವಿಮಾನ ಹಾರಾಡುತ್ತಿತ್ತು. ಒಂದು ಗಂಟೆ ಚಿಲ್ಲರೆ ಪ್ರಯಾಣ. ಅವ್ವನನ್ನು ಒಮ್ಮೆಯಾದರೂ ವಿಮಾನ ಹತ್ತಿಸಬೇಕೆಂಬುದು ನನ್ನ ಬಹುದಿನದ ಆಸೆ. ಟಿಕೆಟ್ ತೆಗೆಸಿದ ಮೇಲೆ ಹೊಳೆಯಿತು, ಆ ಕಿಟಕಿ ತೆಗೆಯಲು ಬರುವುದಿಲ್ಲ! ಅವ್ವ ಎಲ್ಲಿಗೆ ಉಗುಳುತ್ತಾಳೆ? ಮುಂದಿನ ಸೀಟಿನಲ್ಲಿ ಕೂರಲಿರುವ ಯಾರದೋ ಬಿಳಿ ಅಂಗಿ ಕಣ್ಣಮುಂದೆ ಬಂದು ನನಗೆ ಊಟ ಸೇರದಾಯಿತು.

"ಅವ್ವ, ವಿಮಾನದಲ್ಲಿ ಎಲೆಯಡಿಕೆ ಆಗಾಕಿಲ್ಲ. ಮಾನ ಓಯ್ತದೆ" ಎಂದೆ.

"ಎಷ್ಟೊತ್ಲಾ?"

"ಒಂದು ಗಂಟೆ."

"ಗಂಟೆ ಗಿಂಟೆ ಬುಡು. ಎಷ್ಟು ಎಲೆಯಡಿಕೆ ದೂರ ಯೋಳು."

ಭೂಗೋಳದ ಮೇಷ್ಟ್ರಿಗೆ ಉತ್ತರ ಗೊತ್ತಿರಲಿಲ್ಲ. ಉಪದೇಶ ಮಾತ್ರ ಒಂದು ವಾರ ನಡೆಯಿತು. ಅವ್ವನ ಅಡಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. "ನಾನೇನ್ ಕೂಸೇನ್ಲಾ? ಸುಮ್ಕಿರು" ಎಂದು ಬೈಸಿಕೊಂಡೆ. ಅವಳು ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟಳು.

ವಿಮಾನ ಮೇಲೇಳುವಾಗ ಅವ್ವ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. "ಅಯ್ಯೋ ನೋಡ್ಲಾ, ಗದ್ದೆ ಎಲ್ಲಾ ಚಾಪೆ ಆಸ್ದಂಗವೆ!" ಎಂದು ಬಾಯ್ತುಂಬ ನಕ್ಕಳು. ಆ ನಗು ನೋಡಿ ನನಗೆ ಹೇಳತೀರದ ಸಂತೋಷವಾಯಿತು. ನಾನೂ ನೋಡೋಣವೆಂದು ಬಗ್ಗಿದೆನೋ ಇಲ್ಲವೋ, ಹೊಟ್ಟೆ ತೊಳಸಿ ಬಂತು, ಕಿವಿ ಗುಂಯ್ ಎಂದಿತು. ನಾನೂ ವಿಮಾನ ಹತ್ತಿದ್ದು ಅದೇ ಮೊದಲೆಂದು ನಿಮಗೆ ಹೇಳಲಿಲ್ಲ ಅಲ್ಲವೇ? ಅವ್ವನಿಗೂ ಹೇಳಿರಲಿಲ್ಲ.

ಅವಳು ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಮಾಡುತ್ತಿದ್ದಂತೆಯೇ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, "ಬಾಯಿಗಾಕ್ಕಳ್ಲಾ, ವಾಕರಿಕೆ ನಿಲ್ತದೆ" ಎಂದಳು. ಬಾಯಿ ತೆರೆದೆ.

ವಾಕರಿಕೆ ನಿಂತಿತು. ಬಾಯಿ ತುಂಬಿತು. ಎದ್ದು ಶೌಚಾಲಯಕ್ಕೆ ಹೋಗೋಣವೆಂದರೆ ಅಷ್ಟೆತ್ತರದಲ್ಲಿ ಸೀಟು ಬಿಡಲು ಧೈರ್ಯ ಸಾಲಲಿಲ್ಲ. ಗಗನಸಖಿ ಬಂದು "ನೀರು ಬೇಕೇ ಸರ್?" ಎಂದಾಗ ಗದ್ದ ಮೇಲೆತ್ತಿ, ಬೇಡವೆಂದು ಕೈಯಾಡಿಸಿದೆ. ಮುಂದಿನ ಸೀಟಿನಲ್ಲಿ ನಿಜಕ್ಕೂ ಬಿಳಿ ಅಂಗಿಯವರೇ ಕೂತಿದ್ದರು. ಆ ಸೀಟಿನ ಬೆನ್ನಿಗಿರುವ ಜೇಬಿನಲ್ಲಿ ವಾಂತಿಗೆಂದೇ ಒಂದು ಚೀಲ ಇಟ್ಟಿರುತ್ತಾರೆಂದು ನನಗೆ ತಿಳಿದದ್ದು ಮಾರನೆಯ ದಿನ, ತಂಗಿ ಹೇಳಿದ ಮೇಲೆ.

ಅವ್ವನೋ, ಹುಬ್ಬಳ್ಳಿಯವರೆಗೆ ಒಂದು ಚೂರು ಅಡಿಕೆ ಮುಟ್ಟಲಿಲ್ಲ. "ಮೋಡ ನೋಡಾದು ಬುಟ್ಟು ಅದ್ಯಾಕ್ಲಾ ಅಗೀಲಿ?" ಎಂದಳು.

ಇಳಿದ ಮೇಲೆ ಶೌಚಾಲಯ ಎಲ್ಲಿದೆಯೆಂದು ಕೇಳಲೂ ಬಾಯಿ ತೆರೆಯುವಂತಿರಲಿಲ್ಲ. ಹೊರಗೆ ಕಾಯುತ್ತಿದ್ದ ತಂಗಿ "ದೂರ ಆಯ್ತೇನಣ್ಣ?" ಎಂದಳು. ನಾನು ಅವಳನ್ನು ದಾಟಿ ಚರಂಡಿಯ ಕಡೆ ಓಡಿದೆ. ಹಿಂದೆ ಅವ್ವನ ದನಿ ಕೇಳಿಸಿತು:

"ಒಂದೇ ಎಲೆಯಡಿಕೆ ಕಣಮ್ಮ. ನಮ್ಮ ಅಲಗೂರಷ್ಟೇ ದೂರ."

ತಿದ್ದೋಣವೆಂದರೆ ಭೂಗೋಳದ ಮೇಷ್ಟ್ರ ಬಾಯಿ ಇನ್ನೂ ಖಾಲಿಯಾಗಿರಲಿಲ್ಲ.