ಎಂಬತ್ತನಾಲ್ಕು ಪುಟಗಳ ಯುದ್ಧ

ಐವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಕೆಲವರು ಬೆಳಗಾಗೆದ್ದು ಓಡತೊಡಗುತ್ತಾರೆ. ಕೆಲವರು ವಂಶವೃಕ್ಷ ಹುಡುಕಲು ಹೋಗಿ ದಾಯಾದಿಗಳ ಜೊತೆ ಹೊಸ ಜಗಳ ತಂದುಕೊಳ್ಳುತ್ತಾರೆ. ನಾನು ಬೇರೊಂದು ಗ್ರಹದಲ್ಲಿ ಯುದ್ಧ ಹೂಡಿದೆ. ಯಾಕೆ ಹೂಡಿದೆ ಎಂದು ಕೇಳಬೇಡಿ. ಈ ವಿಷಯದಲ್ಲಿ ನನಗೆ ಗೊತ್ತಿರುವುದೇ ಕಡಿಮೆ, ಈಗೀಗ ಅದೂ ಕಡಿಮೆಯಾಗುತ್ತಿದೆ.

ಗಾಬರಿ ಬೇಡ, ಇದು ಮೇಜಿನ ಮೇಲಿನ ಯುದ್ಧ. ಬೆರಳುದ್ದದ ಬೊಂಬೆಗಳನ್ನು ಎರಡು ಸೈನ್ಯ ಮಾಡಿ ನಿಲ್ಲಿಸುವುದು, ರಟ್ಟಿನ ಗುಡ್ಡ ಕಟ್ಟಡಗಳ ನಡುವೆ ಟೇಪು ಹಿಡಿದು ಅಳೆದು ನಡೆಸುವುದು, ದಾಳ ಹಾಕಿ ಹೊಡೆಯುವುದು. ಇಂಥ ಆಟಗಳನ್ನು ಪರದೇಶದಲ್ಲಿ ದೊಡ್ಡ ಕಂಪನಿಗಳು ಮಾಡುತ್ತವೆ. ನಮ್ಮದನ್ನು ಮಾಡಿದವರು ಇಬ್ಬರು: ಸರ್ಕಾರಿ ಕಚೇರಿಯಲ್ಲಿ ಸುತ್ತೋಲೆ ಬರೆಯುವ ಹಲಸೂರಿನ ಮುನಿರಾಜು ಎಂಬ ನಾನು, ಮತ್ತು ಶಿವಾಜಿನಗರದಲ್ಲಿ ಗುಂಡಿ, ಲೇಸು, ಜಿಪ್ಪು ಮಾರುವ ನನ್ನ ಶಾಲೆಯ ಗೆಳೆಯ ಯೂಸುಫ್. ಎರಡು ವರ್ಷದ ಹಿಂದೆ ಹೆಂಡತಿಯ ಸೀರೆಗೆ ಫಾಲ್ ತರಲು ಅವನ ಅಂಗಡಿಗೆ ಹೋದಾಗ, ಕೋಟಿನ ಗುಂಡಿಗೆ ಬ್ಲೌಸಿನ ಹುಕ್ಕು ಅಂಟಿಸಿ ಒಂದು ಯಂತ್ರಮಾನವನನ್ನು ಮಾಡಿ ಕೌಂಟರಿನ ಮೇಲೆ ನಿಲ್ಲಿಸಿದ್ದ. ನೋಡಿದರೆ ಎಷ್ಟು ರೋಷದಿಂದ ನಿಂತಿತ್ತೆಂದರೆ, ಅದಕ್ಕೊಬ್ಬ ಶತ್ರು ಬೇಕೇ ಬೇಕು ಎಂದು ಇಬ್ಬರಿಗೂ ಅನ್ನಿಸಿತು. ಫಾಲ್ ಮರೆತು ಮನೆಗೆ ಬಂದೆ. ಅದಕ್ಕೆ ನಡೆದ ಯುದ್ಧ ಬೇರೆ.

ಕೆಲಸ ಹಂಚಿಕೊಂಡೆವು. ಬೊಂಬೆ ಅವನದು, ನಿಯಮ ನನ್ನದು. ನೆಲದೊಳಗೆ ನೀಲಿ ಹರಳು ಸಿಗುವ ಒಂದು ದೂರದ ಗ್ರಹ. ಅಲ್ಲಲ್ಲಿ ಹರಳಿನ ಬಾವಿಗಳು. ಅವಕ್ಕಾಗಿ ಭೂಮಿಯಿಂದ ಹೋದ ಗಣಿಯವರಿಗೂ ಅಲ್ಲೇ ಹುಟ್ಟಿದ ಯಂತ್ರಗಳಿಗೂ ಕಾಳಗ. ಇಪ್ಪತ್ತೆಂಟು ವರ್ಷ ಸುತ್ತೋಲೆ ಬರೆದು ಪಳಗಿದ ಕೈ ನನ್ನದು. ನಿಯಮದ ಪುಸ್ತಕ ಎಂಬತ್ತನಾಲ್ಕು ಪುಟವಾಯಿತು. "ಸದರಿ ಯಂತ್ರವು ಗುಡ್ಡದ ಮರೆಯಲ್ಲಿದ್ದ ಪಕ್ಷದಲ್ಲಿ, ಅದರ ಮೇಲೆ ಗುಂಡು ಹಾರಿಸತಕ್ಕದ್ದಲ್ಲ" ಎಂಬಂಥ ವಾಕ್ಯಗಳನ್ನು ಬರೆದು, ನಾನೇ ಓದಿಕೊಂಡು ರೋಮಾಂಚನಗೊಂಡಿದ್ದೇನೆ. ವನಜಾ, ಅಂದರೆ ನನ್ನ ಹೆಂಡತಿ, ಒಂದು ಪುಟ ಓದಿ, "ಏನ್ರೀ ಇದು, ಯುದ್ಧಕ್ಕೂ ಅರ್ಜಿ ಹಾಕ್ಬೇಕಾ?" ಎಂದು ಕೇಳಿದಳು. ಕಲೆಯನ್ನು ಮನೆಯವರು ಎಂದು ಮೆಚ್ಚಿದ್ದಾರೆ!

ಪ್ರತಿ ಶನಿವಾರ ಮಧ್ಯಾಹ್ನ ಅವನ ಅಂಗಡಿಯ ಕೌಂಟರಿನ ಮೇಲೆ ಆಟದ ಪರೀಕ್ಷೆ. ಎರಡು ವರ್ಷ, ಹೆಚ್ಚುಕಡಿಮೆ ಒಂದು ವಾರವೂ ತಪ್ಪಿಲ್ಲ. ಇಷ್ಟು ಸಾಣೆ ಹಿಡಿದ ಆಟ ಇನ್ನೊಂದಿಲ್ಲ ಎಂಬ ಧೈರ್ಯದಲ್ಲಿ ಕಳೆದ ಭಾನುವಾರ ಇಂದಿರಾನಗರದ ಒಂದು ಕಾಫಿ ಅಂಗಡಿಗೆ ಹೋದೆವು. ಅಲ್ಲಿ ವಾರವಾರವೂ ಇಂಥ ಆಟದವರು ಸೇರುತ್ತಾರೆ. ಅವರೇ ನಡೆಸುವ ಆಟಗಳ ಮೇಳದಲ್ಲಿ ಒಂದು ಮೇಜು ಮಾತ್ರ ಉಳಿದಿತ್ತು. ಅದು ನಮಗೆ ಸಿಕ್ಕಬೇಕಾದರೆ ಆಟ ಅಂದೇ ಪಾಸಾಗಬೇಕಿತ್ತು. ಮಗಳ ವಯಸ್ಸಿನ ಶ್ರುತಿ ಎಂಬಾಕೆ ಅಲ್ಲಿಯ ಯಜಮಾನಿ.

"ಸರ್, ನೀವಿಬ್ರೂ ಆ ಮೂಲೇಲಿ ಕೂತ್ಕೊಳ್ಳಿ. ಆಟ ಮುಗಿಯೋವರ್ಗೂ ಒಂದ್ ಮಾತೂ ಆಡ್ಬಾರ್ದು, ಸನ್ನೆನೂ ಮಾಡ್ಬಾರ್ದು" ಎಂದಳು. "ಡಬ್ಬದ ಜೊತೆ ನೀವೂ ಎಲ್ರ ಮನೆಗೂ ಹೋಗೋಕಾಗುತ್ತಾ? ಬುಕ್ಕೇ ಮಾತಾಡ್ಬೇಕು."

ನಮ್ಮ ಪುಸ್ತಕಕ್ಕೆ ಮಾತು ಕಲಿಸಿಕೊಡಬೇಕೆ? ಹೆಮ್ಮೆಯಿಂದ ಮೂಲೆ ಹಿಡಿದೆವು. ಆಡಲು ಕೂತವರು ಒಬ್ಬ ಗಡ್ಡದ ಯುವಕ, ಒಬ್ಬಳು ಕನ್ನಡಕದ ಹುಡುಗಿ. ಮೊದಲ ಒಂದು ಗಂಟೆ ನನ್ನ ಬದುಕಿನ ಅತಿ ಸುಖದ ಗಂಟೆ ಎಂದರೆ ವನಜಾ ಬೇಸರ ಮಾಡಿಕೊಳ್ಳಬಾರದು. ಹುಡುಗಿ "ಸದರಿ ಅಂದ್ರೇನೋ?" ಎಂದು ಕೇಳಿದ್ದೊಂದು ಬಿಟ್ಟರೆ ಎಲ್ಲ ಸುಗಮ. ಯೂಸುಫನ ಜಿಪ್ಪಿನ ಹಲ್ಲಿನ ಫಿರಂಗಿ ಗುಡ್ಡ ಹತ್ತಿದಾಗ ಗಡ್ಡದವನು "ಸಕತ್ತಾಗಿದೆ ಮಗಾ!" ಎಂದು ಮೇಜು ಕುಟ್ಟಿದ. ಯೂಸುಫನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂದಿತ್ತು, ನಾನು ಕನ್ನಡಕ ಒರೆಸಿಕೊಂಡೆ.

ಎಂಟನೆಯ ಸುತ್ತಿನ ಹೊತ್ತಿಗೆ ಹುಡುಗಿ, "ಇನ್ನೆಷ್ಟು ಸುತ್ತಿದೆ?" ಎಂದಳು. ಗಡ್ಡದವನು ಪುಸ್ತಕ ತಿರುವಿದ. ಮುಂದಿನಿಂದ ತಿರುವಿದ, ಹಿಂದಿನಿಂದ ತಿರುವಿದ. "ಗೆಲ್ಲೋದು ಹೇಗೆ ಅಂತ ಎಲ್ಲಿದೆ?" ಎಂದ. ಈಗಿನವರಿಗೆ ಓದುವ ತಾಳ್ಮೆಯೇ ಇಲ್ಲವಲ್ಲ ಎಂದು ಮರುಗುತ್ತ ನನ್ನ ಪ್ರತಿಯನ್ನು ತೆಗೆದು ನೋಡಿದೆ. ಎಂಬತ್ತೆರಡನೆಯ ಪುಟದಲ್ಲಿ ಮರಳಿನ ಬಿರುಗಾಳಿ. ಎಂಬತ್ತಮೂರರಲ್ಲಿ ತುಕ್ಕು ಹಿಡಿದ ಯಂತ್ರಗಳ ವಿಲೇವಾರಿ. ಎಂಬತ್ತನಾಲ್ಕರಲ್ಲಿ ನನ್ನ ಹೆಸರು, ಯೂಸುಫನ ಹೆಸರು. ಆಟ ಹೇಗೆ ಮುಗಿಯುತ್ತದೆ, ಯಾರು ಗೆದ್ದಂತೆ ಎಂಬುದು ಎಲ್ಲೂ ಇಲ್ಲ.

ಹೇಗೆ ಬಿಟ್ಟುಹೋಯಿತು? ಅಲ್ಲೇ ಕೂತು ಯೋಚಿಸಿದಾಗ ಹೊಳೆಯಿತು. ಎರಡು ವರ್ಷದಲ್ಲಿ ನಾವು ಒಂದು ಆಟವನ್ನೂ ಮುಗಿಸಿಯೇ ಇರಲಿಲ್ಲ! ಯುದ್ಧ ಕಾವೇರುವ ಹೊತ್ತಿಗೆ ಸರಿಯಾಗಿ ಯಾರಾದರೂ ಹೆಂಗಸರು ಬಂದು, "ಭಾಯ್, ಇದಕ್ಕೆ ಮ್ಯಾಚಿಂಗ್ ಲೇಸ್ ತೋರ್ಸಿ" ಎಂದು ಬ್ಲೌಸ್ ಪೀಸನ್ನು ಗ್ರಹದ ಮೇಲೆ ಹಾಸಿಬಿಡುತ್ತಿದ್ದರು. ಯೂಸುಫ್ ಎರಡೂ ಸೈನ್ಯಗಳನ್ನು ಗುಂಡಿ ಡಬ್ಬಕ್ಕೆ ಬಾಚಿಹಾಕುತ್ತಿದ್ದ. ಆಟ ಅಂದರೆ ಮುಗಿಯುವುದೇ ಹಾಗೆ ಎಂದು ನಮಗೆ ಒಗ್ಗಿಹೋಗಿತ್ತು. ಅದನ್ನು ಬರೆಯಬೇಕೆಂದು ಯಾರಿಗೆ ತೋಚೀತು?

ಆಮೇಲಿನ ಪರಿಸ್ಥಿತಿ ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಆಟ ಮುಗಿಯುವವರೆಗೆ ನಾವು ಬಾಯಿ ಬಿಡುವಂತಿಲ್ಲ. ನಾವು ಬಾಯಿ ಬಿಡದೆ ಆಟ ಮುಗಿಯುವಂತಿಲ್ಲ. ಯೂಸುಫನ ಕಡೆ ಆರ್ತನಾಗಿ ನೋಡಿದೆ. ಅವನು ತಲೆಯಾಡಿಸಿ ನನಗೆ ಇನ್ನೊಂದು ಕಾಫಿ ತರಿಸಿದ. ಹನ್ನೆರಡನೆಯ ಸುತ್ತು, ಹದಿಮೂರು, ಹದಿನಾರು. ಗಡ್ಡದವನ ಬಳಿ ಉಳಿದಿದ್ದ ಒಂಟಿಕಾಲಿನ ಯಂತ್ರವೊಂದು ಯಾಕೆ ಅಂತ ಗೊತ್ತಿಲ್ಲದೆ ಬಾವಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಹುಡುಗಿ ಆಕಳಿಸಿದಳು. ಆ ಆಕಳಿಕೆ ಕಂಡು ನನಗೆ ಅಳು ಬರುವಂತಾಯಿತು. ಎರಡು ವರ್ಷದ ಶನಿವಾರಗಳೆಲ್ಲ ಕಣ್ಣೆದುರೇ ನೀರುಪಾಲಾಗುತ್ತಿದ್ದವು. ಕೊನೆಗೆ ತಡೆಯಲಾರದೆ ಶಾಲೆಯ ಹುಡುಗನ ಹಾಗೆ ಕೈಯೆತ್ತಿದೆ.

"ಹೇಳಿ ಸರ್" ಎಂದಳು ಶ್ರುತಿ. "ಗೆಲ್ಲೋದ್ ಯಾರು?"

"ಜಾಸ್ತಿ ಬಾವಿ ಹಿಡಿದವರು!" ಎಂದೆ ನಾನು.

"ಜಾಸ್ತಿ ಆಳು ಉಳಿಸ್ಕೊಂಡವ್ರು!" ಎಂದ ಯೂಸುಫ್, ಅದೇ ಉಸಿರಿನಲ್ಲಿ.

ಇಬ್ಬರೂ ತಿರುಗಿ ಒಬ್ಬರನ್ನೊಬ್ಬರು ನೋಡಿದೆವು. ಶ್ರುತಿ ಒಳ್ಳೆಯ ಹುಡುಗಿ, ನಗಲಿಲ್ಲ. "ಮೊದ್ಲು ನೀವಿಬ್ರೂ ಒಂದಾಗಿ. ಕೊನೆ ಬರ್ಕೊಂಡು ಮುಂದಿನ್ ಭಾನ್ವಾರ ತನ್ನಿ, ಟೇಬಲ್ ಅಲ್ಲೀವರ್ಗೂ ಇಟ್ಟಿರ್ತೀನಿ" ಎಂದಳು.

ಹಿಂತಿರುಗುವಾಗ ಆಟೋದಲ್ಲಿ ನಿಜ ಹೊರಬಿತ್ತು. ಎರಡು ವರ್ಷವೂ ನಾನು ಬಾವಿ ಎಣಿಸಿ, ಗೆದ್ದೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ಅವನು ಆಳು ಎಣಿಸಿ, ತಾನು ಗೆದ್ದೆ ಎಂದುಕೊಳ್ಳುತ್ತಿದ್ದ. "ಪ್ರತಿ ವಾರ ಸೋಲ್ತೀಯಲ್ಲಾ ಅಂತ ನಿನ್ನ ನೋಡಿದ್ರೆ ಪಾಪ ಅನ್ಸೋದು, ಯಾರ್. ಅದಕ್ಕೇ ಸಮೋಸ ತರಿಸ್ತಿದ್ದೆ" ಎಂದ. ನಾನು ಆ ಸಮೋಸಗಳನ್ನು ಸೋತವನು ಸಲ್ಲಿಸುವ ಕಪ್ಪಕಾಣಿಕೆ ಎಂದು ತಿಳಿದು, ಗಂಭೀರವಾಗಿ ಸ್ವೀಕರಿಸಿ ತಿಂದಿದ್ದೆ.

ಈಗ ನೋಡಿ ತೊಡಕು. ಯಾವ ನಿಯಮ ಬರೆದರೂ ಇಬ್ಬರಲ್ಲಿ ಒಬ್ಬ ಎರಡು ವರ್ಷದಿಂದ ಒಂದೇ ಸಮನೆ ಸೋಲುತ್ತ ಬಂದವನಾಗುತ್ತಾನೆ. ಆ ಒಬ್ಬ ನಾನಾಗುವುದು ನನ್ನಿಂದ ಸಾಧ್ಯವಿರಲಿಲ್ಲ. ಬುಧವಾರದವರೆಗೆ ಇಬ್ಬರೂ ಫೋನ್ ಮಾಡಲಿಲ್ಲ. ನಲವತ್ತು ವರ್ಷದ ಗೆಳೆತನ ಹರಳಿನ ಬಾವಿಗೆ ಬಿತ್ತೆಂದೇ ಅಂದುಕೊಂಡೆ. ಊಟ ಸೇರಲಿಲ್ಲ. "ಹೋಗಿ ಮಾತಾಡ್ಬಾರ್ದಾ, ನಿಮ್ಗೇನ್ ಚಿಕ್ಕ ವಯಸ್ಸಾ?" ಎಂದು ವನಜಾ ಬೈದಳು. ಚಿಕ್ಕ ವಯಸ್ಸಾಗಿದ್ದರೆ ಅಂದೇ ಹೋಗುತ್ತಿದ್ದೆ. ಗುರುವಾರ ಯೂಸುಫನೇ ಫೋನ್ ಮಾಡಿದ. "ಜಗಳ ಯಾಕೆ ಮುನಿ? ನಿನ್ ರೂಲೇ ಬರಿ. ಬಾವೀನೇ ಇರ್ಲಿ" ಎಂದ. ಅವನ ಮನಸ್ಸು ಬದಲಾಗುವ ಮೊದಲೇ ಬರೆದು ಮುಗಿಸಿದೆ.

ನಿನ್ನೆ, ಶನಿವಾರ, ಅವನು ಅಂಗಡಿಯನ್ನು ತಮ್ಮನಿಗೆ ಬಿಟ್ಟು ನಮ್ಮ ಮನೆಗೆ ಬಂದ. ಯಾವ ಬ್ಲೌಸ್ ಪೀಸಿನ ಭಯವೂ ಇಲ್ಲದ ಊಟದ ಮೇಜಿನ ಮೇಲೆ, ಮೊಟ್ಟಮೊದಲ ಬಾರಿಗೆ, ನಾನೇ ಬರೆದ ನನ್ನ ನಿಯಮದಂತೆ, ಕೊನೆಯವರೆಗೂ ಆಡಿದೆವು. ನಲವತ್ತು ನಿಮಿಷ ಹಿಡಿಯಿತು. ಐದು ಬಾವಿಗಳಲ್ಲಿ ಐದೂ ಯೂಸುಫನ ಪಾಲಾದವು.

"ಇಷ್ಟು ದಿನ ಯಾಕೆ ಹಿಡೀಲಿಲ್ಲ?" ಎಂದು ಕೇಳಿದೆ, ಸಾಧ್ಯವಾದಷ್ಟು ತಣ್ಣಗೆ.

"ನಿಂಗೆ ಅದಂದ್ರೆ ಪ್ರಾಣ ಅಂತ ಕಾಣೋದು, ಯಾರ್. ಯಾಕೆ ಮುಟ್ಲಿ ಅಂತ ಬಿಟ್ಟಿದ್ದೆ."

ಇವತ್ತು ಭಾನುವಾರ. ಹನ್ನೊಂದಕ್ಕೆ ಇಂದಿರಾನಗರದಲ್ಲಿರಬೇಕು. ನಿಯಮ ಬಹಳ ಚೆನ್ನಾಗಿದೆ, ಮಗುವಿಗೂ ಅರ್ಥವಾಗುತ್ತದೆ ಎಂದು ಯೂಸುಫನೂ ಹೇಳುತ್ತಾನೆ, ವನಜಾಳೂ ಹೇಳುತ್ತಾಳೆ. ನನಗೊಬ್ಬನಿಗೆ ಮಾತ್ರ ಅದರಲ್ಲಿ ನಿನ್ನೆಯಿಂದ ಒಂದು ಗಂಭೀರ ದೋಷ ಕಾಣುತ್ತಿದೆ. ಕೆಳಗೆ ಯೂಸುಫನ ಸ್ಕೂಟರು ಹಾರ್ನ್ ಹೊಡೆಯುತ್ತಿದೆ, ನಾನಿನ್ನೂ ತಿದ್ದುತ್ತಿದ್ದೇನೆ.