ಮಾವನವರ ಕತ್ತಿಗೆ ಮೂರು ಕಲ್ಲು

ಗೊತ್ತಿಲ್ಲದ ಕೆಲಸವನ್ನು ಒಪ್ಪಿಕೊಳ್ಳುವುದಕ್ಕೆ ವಿಶೇಷ ಧೈರ್ಯವೇನೂ ಬೇಕಿಲ್ಲ. ಎದುರಿಗೆ ಹೆಂಡತಿಯ ತಂದೆ ಕೂತಿದ್ದರೆ ಸಾಕು. 'ನನಗೆ ಬರುವುದಿಲ್ಲ' ಎಂಬ ಮಾತನ್ನು ನಾನು ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಒಮ್ಮೆ ಈಜಲು ಕರೆದೊಯ್ದ ಗೆಳೆಯರ ಮುಂದೆ ಬಾವಿಯ ಮೆಟ್ಟಿಲ ಮೇಲೂ ನಾಚಿಕೆಯಿಲ್ಲದೆ ಹೇಳಿದ್ದೇನೆ. ಮಾವನವರ ಮುಂದೆ ಮಾತ್ರ ಅದು ಗಂಟಲು ದಾಟುವುದಿಲ್ಲ.

ಮಾವನವರು ಇಂಡಿಯಲ್ಲಿ ಹೈಸ್ಕೂಲು ಮಾಸ್ತರರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಸಿಂದಗಿಯ ನಮ್ಮ ಮನೆಗೆ ಬಂದರು. ಜೊತೆಗೆ ಅವರ ಕ್ಷೌರದ ಕತ್ತಿಯೂ ಬಂತು. ಹಿಡಿಯೊಳಗೆ ಮಡಿಚಿಡುವ ಉದ್ದನೆಯ ಕತ್ತಿ. ಮೀಸೆ ಮೂಡಿದಾಗಿನಿಂದ ಅದರಲ್ಲೇ ಗಡ್ಡ ಹೆರೆದುಕೊಂಡವರು. ಬ್ಲೇಡು ಸಿಕ್ಕಿಸುವ ರೇಜರನ್ನು ಅವರು 'ಪೆನ್ಸಿಲ್ ಕೆತ್ತೋ ಸಾಮಾನು' ಎನ್ನುತ್ತಿದ್ದರು. ಅವರ ಮಸೆಯುವ ಕಲ್ಲು ಮಾತ್ರ ಸಾಮಾನು ಸಾಗಿಸುವಾಗ ಬಿದ್ದು ಒಡೆದಿತ್ತು. ಕತ್ತಿ ಮೊಂಡಾಯಿತು. ಹೊಸ ಕಲ್ಲು ತಂದರೂ ಅವರೇ ಮಸೆಯುವ ಹಾಗಿರಲಿಲ್ಲ, ಕೈ ಈಚೆಗೆ ನಡುಗುತ್ತಿತ್ತು. ಚಹಾ ಕುಡಿಯುವಾಗ ಕಪ್ಪು-ಸಾಸರುಗಳು ಅವರ ಕೈಯಲ್ಲಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಮನೆಯಲ್ಲಿ ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

"ಕಟಿಂಗ್ ಅಂಗಡಿಗೆ ಹೋಗಿ ಬರೂಣ್ರಿ ಮಾವಾರ" ಎಂದೆ.

"ಇಲ್ಲೀತನಕ ನನ್ನ ಗದ್ದಕ್ಕ ಇನ್ನೊಬ್ಬರ ಕೈ ಹತ್ತಿಲ್ರಿ. ಮನಿ ಕೀಲಿ, ಬ್ಯಾಂಕಿನ ಪುಸ್ತಕ ಎಲ್ಲಾ ನಿಮಗ ಕೊಟ್ಟೇನಿ. ಇದೊಂದು ನನ್ನ ಕೈಯಾಗ ಇರಲಿ" ಎಂದರು.

ಅಷ್ಟರಲ್ಲಿ ನನ್ನ ಹೆಂಡತಿ ಶೋಭಾ ಅಡುಗೆಮನೆಯಿಂದ, "ಅಪ್ಪಾ, ನೀ ಚಿಂತಿ ಮಾಡಬ್ಯಾಡ. ಕತ್ತಿ ಇವ್ರು ಮಸದು ಕೊಡ್ತಾರ" ಎಂದುಬಿಟ್ಟಳು. ಒಂದು ತೆಂಗಿನಕಾಯಿ ಒಡೆಯುವುದನ್ನೂ ನನಗೆ ಒಪ್ಪಿಸದವಳು. ನನ್ನ ಎದೆ ಉಬ್ಬಿತು.

ಹೊಸಬರು ಯಾವ ಕಲ್ಲು ಕೊಳ್ಳಬೇಕೆಂದು ಫೋನಿನಲ್ಲಿ ಹುಡುಕಿದೆ. ಒರಟು, ನಡುವಿನದು, ನುಣುಪು, ಮೂರೂ ಬೇಕು ಎಂದ ಒಬ್ಬ. ನುಣುಪಿನದೊಂದೇ ಸಾಕು, ಹೊಸಬನ ಕೈಗೆ ಒರಟು ಕಲ್ಲು ಕೊಟ್ಟರೆ ಕತ್ತಿಯೇ ಉಳಿಯುವುದಿಲ್ಲ ಎಂದ ಇನ್ನೊಬ್ಬ. ನೀರು ಹಾಕಿ ಎಂದವನನ್ನು ಎಣ್ಣೆ ಹಾಕಿ ಎಂದವನು ಬೈಯುತ್ತಿದ್ದ. ಇಷ್ಟೆಲ್ಲ ಹೇಳುವವರ ಗಡ್ಡಗಳು ಎದೆಯವರೆಗೆ ಇಳಿಬಿದ್ದಿರುವುದನ್ನು ಕಂಡು ನನಗೆ ಅನುಮಾನ ಬಂದು, ಫೋನು ಇಟ್ಟು ಪೇಟೆಗೆ ಹೋದೆ.

"ಕುಡಗೋಲಿಗ್ರೋ, ಇಳಗಿಗ್ರೋ?" ಎಂದ ಅಂಗಡಿಯವನು.

"ಕ್ಷೌರದ ಕತ್ತಿಗ್ರಿ."

"ಮಸಿಯವ್ರು ಯಾರು?"

"ನಾನಽ."

"ಗಡ್ಡ ಯಾರದ್ರಿ?"

"ನಮ್ಮ ಮಾವಾರದು."

ಅವನು, "ಮನ್ಯಾಗ ಎಲ್ಲಾರೂ ಛಲೋ ಅದಾರಲ್ರಿ?" ಎಂದು ಕೇಳಿ, ನುಣುಪೂ ಅಲ್ಲದ ಒರಟೂ ಅಲ್ಲದ ಒಂದು ಕಲ್ಲು ಕಟ್ಟಿಕೊಟ್ಟ.

ಸುದ್ದಿ ಬಂಧುಗಳಿಗೆ ಮುಟ್ಟಿತು. ಮುದ್ದೇಬಿಹಾಳದಲ್ಲಿ ಹೊಲ ಮಾಡಿಸುವ ನಾದಿನಿಯ ಗಂಡ ಒಂದು ಒರಟು ಕಲ್ಲು ತಂದು, "ಇದರ ಮ್ಯಾಲೆ ಕೊಡ್ಲಿನೂ ಬೆಣ್ಣಿ ಆಗತೈತಿ" ಎಂದ. ಕೊಡಲಿ ಬೆಣ್ಣೆಯಾಗಿ ಏನುಪಯೋಗವೆಂದು ನಾನು ಕೇಳಲಿಲ್ಲ. ಬಸವನ ಬಾಗೇವಾಡಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಕನ್ನಡಿಯಂಥ ನುಣುಪಿನ ಕರಿಕಲ್ಲೊಂದು ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಕೂತಿತ್ತು. "ಒಯ್ಯಿ, ಆದ್ರ ಭರಣಿ ಮ್ಯಾಲೆ ಏನಿಡ್ಲಿ?" ಎಂದು ಅಕ್ಕ ನನ್ನನ್ನೇ ಗದರಿಸಿದಳು.

ಕಷ್ಟದ್ದನ್ನು ಮೊದಲು ಮುಗಿಸಬೇಕೆಂಬ ತತ್ವದಿಂದ ನಾನು ಕೊಡಲಿಯ ಕಲ್ಲಿನಿಂದಲೇ ಆರಂಭಿಸಿದೆ. ಸಂಜೆಯ ಹೊತ್ತಿಗೆ ಕತ್ತಿಗೆ ಹಲ್ಲು ಬಂದವು. ಅವನ್ನು ಸವೆಸಲು ಪೇಟೆಯ ಕಲ್ಲು ಹಿಡಿದೆ. ಮಾವನವರು ಕುರ್ಚಿಯಲ್ಲಿ ಕೂತು, "ಒತ್ತಬ್ಯಾಡ್ರಿ ಅಳಿಯದೇವ್ರ, ಅದೇನು ಜ್ವಾಳದ ಹಿಟ್ಟಲ್ಲ" ಎನ್ನುತ್ತಿದ್ದರು. ಬಳಿಕ ಉಪ್ಪಿನಕಾಯಿಯ ಕಲ್ಲು. ಮನೆಯಲ್ಲಿ ಮಾವಿನಕಾಯಿಯ ವಾಸನೆ ಹಬ್ಬಿತೇ ಹೊರತು ಕತ್ತಿಗೆ ಬಾಯಿ ಬರಲಿಲ್ಲ. ಅತ್ತ ಮಾವನವರ ಗಡ್ಡ ಯಾರ ಸಹಾಯವೂ ಇಲ್ಲದೆ ಬೆಳೆಯುತ್ತಿತ್ತು.

ಆಗಲೇ ಇಂಡಿಯಿಂದ ಅವರ ಹಳೆಯ ವಿದ್ಯಾರ್ಥಿಗಳು ಸನ್ಮಾನಕ್ಕೆ ಕರೆದರು. ಹೊರಡುವ ಬೆಳಿಗ್ಗೆ ಕತ್ತಿಯನ್ನು ಒಂದು ಕಾಗದದ ಮೇಲೆ ಎಳೆದು ನೋಡಿದೆ, ಕಾಗದ ಮುದುಡಿತು. ಮಾವನವರು ಕನ್ನಡಿಯಲ್ಲಿ ತಮ್ಮನ್ನು ಬಹಳ ಹೊತ್ತು ನೋಡಿಕೊಂಡು, "ನಡೀರಿ, ಹಿಂಗ ಹೋಗೂಣು" ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವರ ಮುಖ ನೋಡಲಿಲ್ಲ.

ಸಭೆಯಲ್ಲಿ ತಲೆ ಬೋಳಾದ ಶಿಷ್ಯನೊಬ್ಬ ಕಾಲಿಗೆರಗಿ, "ಸರ, ಆವಾಗ ನಿಮ್ಮ ಮುಖಾ ನೋಡಿದ್ರ ಅಂಜಿಕಿ ಬರ್ತಿತ್ತು. ಈಗ ಈ ಗಡ್ಡ ನೋಡಿ ಬಾಜೂಕ ಕೂಡಬೇಕನಸ್ತೈತ್ರಿ" ಎಂದ. ಪಕ್ಕದಲ್ಲಿ ಕೂತೂಬಿಟ್ಟ. ಮಾವನವರು ಆವತ್ತು ನಕ್ಕಷ್ಟು ನಮ್ಮ ಮನೆಗೆ ಬಂದ ಮೇಲೆ ನಕ್ಕಿರಲಿಲ್ಲ. ಮರುದಿನ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತಾವೇ ಟ್ರಂಕಿನಲ್ಲಿಟ್ಟರು. "ಇರಲಿ ಬಿಡ್ರಿ. ಗಡ್ಡ ಒಪ್ಪೇತಿ ನನಗ."

ಅವರು ಹೊರಗೆ ಹೋದಾಗ ಶೋಭಾಳ ಮುಂದೆ ತಲೆ ತಗ್ಗಿಸಿ, "ನನ್ನ ಕೈಲೆ ಆಗಲಿಲ್ಲ ನೋಡು" ಎಂದೆ.

"ಅಪ್ಪನ ಕೈ ನಡಗತಾವು. ಅಂಥಾ ಕೈಯಾಗ ಹರಿತ ಕತ್ತಿ ಹ್ಯಾಂಗ ಕೊಡೂದ್ರಿ? ಬ್ಯಾಡ ಅಂದ್ರ ಮನಸಿಗೆ ಹಚಗೋತಾನ. ಅದಕ್ಕ ಆ ಕೆಲಸ ನಿಮಗ ಹಚ್ಚಿದ್ದೆ" ಎಂದಳು.

"ಅಕಸ್ಮಾತ್ ನಾನು ಹರಿತ ಮಾಡಿಬಿಟ್ಟಿದ್ರ?"

"ನೀವಾ?" ಎಂದು, ಉತ್ತರಕ್ಕೂ ಕಾಯದೆ ರೊಟ್ಟಿ ಬಡಿಯಲು ಹೋದಳು.

ನಮ್ಮ ಸಂಸಾರದಲ್ಲಿ ಅವಳು ನನ್ನ ಮೇಲೆ ಪೂರ್ತಿ ನಂಬಿಕೆಯಿಟ್ಟು ಒಪ್ಪಿಸಿದ ಕೆಲಸ ಇದೊಂದೇ. ಅದನ್ನು ನಾನು ಚಾಚೂ ತಪ್ಪದೆ ನೆರವೇರಿಸಿದ್ದೇನೆ.